ಇಸ್ಪೀಟ್ ಆಂಟಿಯ ಹತ್ತರ ಜೋಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಲಿಗೆ ಕಾರ್ಖಾನೆಯ ಗೇಟಿನ ಪಕ್ಕ, ಮಕ್ಕಳ ಕೋಣೆಯಲ್ಲಿ ಆಂಟಿ ಚಾಪೆ ಹಾಸಿ ಇಸ್ಪೀಟು ಎಲೆ ಕಲಸುತ್ತಿದ್ದಾರೆ. ದಿನವೂ ಚಕಚಕನೆ ಓಡುವ ಕೈ ಇವತ್ತು ಎರಡು ಸಲ ಎಲೆ ಬೀಳಿಸಿದೆ. ಕಣ್ಣು ಬಾಗಿಲ ಮೇಲೇ ನೆಟ್ಟಿದೆ. ಸೈರನ್ ಆಗುವುದರೊಳಗೆ ಗುಬ್ಬಿಯ ಅಮ್ಮ ಬರುತ್ತಾರೆ, ನೆರೆಮನೆಯವರ ಜೊತೆ ಆಗಲೇ ಬಂದು ಕೂತಿರುವ ಮಗಳನ್ನು ಈ ಚಾಪೆಯಿಂದ ಎಬ್ಬಿಸಿಕೊಂಡು ಹೋಗಲು.

"ಕಾರ್ಡು ಬಿಡ್ತೀರೋ, ನನ್ ಮಗಳನ್ನ ಬಿಡ್ತೀರೋ ಅಂತ ನಿನ್ನೆನೇ ಹೇಳಿ ಕಳಿಸಿದ್ದಾರೆ," ಎನ್ನುತ್ತಾರೆ ಆಂಟಿ. "ತಪ್ಪು ಅಂತ ಹೇಗನ್ಲಿ? ಯಜಮಾನ್ರು ಇಸ್ಪೀಟಲ್ಲಿ ಸೋತು ಬಂದಾಗೆಲ್ಲ ಇವರಿಗೆ ಏಟು ಬೀಳ್ತಿತ್ತು. ಈಗ ಅವರನ್ನ ಬಿಟ್ಟು ಬಂದಿದ್ದಾರೆ. ಹಾವು ಕಚ್ಚಿದೋರು ಹಗ್ಗ ಕಂಡ್ರೂ ಬೆಚ್ಚಿ ಬೀಳ್ತಾರೆ."

ಕಾರ್ಖಾನೆಯವರಿಗೆ ಇವರು ಆಯಾ, ಮಕ್ಕಳಿಗೆ ಇಸ್ಪೀಟ್ ಆಂಟಿ. ಹೊಲಿಯುವವರ ಮಕ್ಕಳು ಶಾಲೆಯ ಹೊತ್ತಾಗುವವರೆಗೆ ಇಲ್ಲೇ ಇರುತ್ತಾರೆ. ಹಾಲು ಕುಡಿಸುವುದು, ಮೂಗು ಒರೆಸುವುದು, ತಲೆ ಬಾಚುವುದು ಆಂಟಿಗೆ ವಹಿಸಿದ ಕೆಲಸ. ಲೆಕ್ಕ ಕಲಿಸೆಂದು ಯಾರೂ ಹೇಳಿದ್ದಲ್ಲ. "ಸುಮ್ನೆ ಕೂತ್ಕೊಳಿ ಅಂದ್ರೆ ಕೂರ್ತಾವಾ? ಕಪಿಸೈನ್ಯ! ನಮ್ ಸೋದರಮಾವ ನಂಗೆ ಎಲೆ ಹಿಡಿಸಿಯೇ ಕೂಡೋದು ಕಲಿಸಿದ್ದು. ಅದನ್ನೇ ಶುರು ಮಾಡ್ದೆ."

ಆಟದ ಹೆಸರು ಹತ್ತರ ಜೋಡಿ. ಎಲ್ಲರ ಎಲೆಗಳೂ ಬಿಚ್ಚಿಟ್ಟಿರುತ್ತವೆ. ಚಾಪೆಯ ನಡುವಿನ ಎಲೆಗೆ ನಿಮ್ಮದೊಂದು ಸೇರಿ ಹತ್ತಾದರೆ ಎರಡೂ ನಿಮ್ಮವು. ಮೊದಲು ಪೂರ್ತಿ ಕಟ್ಟು ಆಡಿಸುತ್ತಿದ್ದರಂತೆ. ಒಬ್ಬ ಚೋಟುದ್ದದ ಪೋರ ಶಾಲೆಯಲ್ಲಿ "ಹತ್ತಾದ ಮೇಲೆ ಗುಲಾಮ" ಎಂದುಬಿಟ್ಟ ಮೇಲೆ ರಾಜ, ರಾಣಿ, ಗುಲಾಮರಿಗೆಲ್ಲ ಡಬ್ಬಿಯೊಳಗೇ ಸೆರೆವಾಸ. ಕಳೆದುಹೋದ ಆಟೀನ್ ಏಳರ ಬದಲಿಗೆ ಅಂಗಿ ಮಡಚುವಾಗ ಒಳಗಿಡುವ ರಟ್ಟಿನ ತುಂಡೊಂದರ ಮೇಲೆ ಏಳು ಬರೆದಿಟ್ಟಿದ್ದಾರೆ.

ಗುಬ್ಬಿಗೆ ಎಂಟು ವರ್ಷ. ಲೆಕ್ಕದಲ್ಲಿ ದಡ್ಡಿ ಎಂದು ಶಾಲೆಯಲ್ಲಿ ಹಣೆಪಟ್ಟಿ ಅಂಟಿಸಿಯಾಗಿದೆ. ಇಲ್ಲಿಯೂ ಅವಳು ಒಂದು ಜೋಡಿಯನ್ನೂ ಎತ್ತಿದವಳಲ್ಲ. ಆಂಟಿಗೆ ಅನುಮಾನ ಬಂದದ್ದೇ ಅದರಿಂದ.

"ಗೊತ್ತಿಲ್ದೋರು ಕಣ್ಮುಚ್ಚಿ ಹಾಕಿದ್ರೂ ಯಾವಾಗ್ಲೋ ಒಂದ್ಸಲ ಜೋಡಿ ಕೂಡುತ್ತೆ. ಇವಳಿಗೆ ಒಂದ್ಸಲನೂ ಇಲ್ಲ! ಅಂದ್ರೆ ಎಲ್ಲಾ ಗೊತ್ತು, ಬೇಕಂತ್ಲೇ ತಪ್ಪಿಸ್ತಾಳೆ. ಯಾಕೆ ಪುಟ್ಟಿ ಅಂದ್ರೆ, 'ನಾನು ಗೆದ್ರೆ ಸೋತೋರು ಮನೇಗ್ ಹೋಗಿ ಹೊಡೀತಾರೆ' ಅಂದ್ಳು."

ಅಷ್ಟರಲ್ಲಿ ಹೊಸ್ತಿಲ ಮೇಲೆ ಅಮ್ಮ. ಚಪ್ಪಲಿ ಕಳಚಿಲ್ಲ.

"ಗುಬ್ಬಿ, ಏಳು."

"ಅಕ್ಕಾ, ಒಂದೇ ಒಂದಾಟ. ನೀವೇ ಅವಳ ಎದುರು ಕೂತ್ಕೊಳಿ. ಆಮೇಲೆ ನಿಮ್ಮಿಷ್ಟ."

"ನಾನಾ? ಆ ದರಿದ್ರದ್ದನ್ನ ನಾನು ಮುಟ್ಟಲ್ಲ."

ಆಂಟಿ ಎದ್ದು ಹೋಗಿ, ಗುಬ್ಬಿ ಹೇಳಿದ ಮಾತನ್ನು ಅವರ ಕಿವಿಯಲ್ಲಿ ಹೇಳುತ್ತಾರೆ. ಅಮ್ಮನ ಮುಖ ಬಿಳಿಚಿಕೊಳ್ಳುತ್ತದೆ. ಚಪ್ಪಲಿ ಕಳಚಿ, ಬಂದು ಮಗಳ ಎದುರು ಕೂರುತ್ತಾರೆ.

ಚಾಪೆಯ ನಡುವೆ ಮೂರು. ಗುಬ್ಬಿಯ ಮುಂದೆ ರಟ್ಟಿನ ಏಳು. ಅವಳು ಅಮ್ಮನ ಮುಖ ನೋಡುತ್ತಾಳೆ, ಏಳನ್ನು ಬಿಟ್ಟು ಎರಡನ್ನು ಮುಂದೆ ತಳ್ಳುತ್ತಾಳೆ. ಅಮ್ಮ ತಟ್ಟನೆ ಆ ಪುಟ್ಟ ಕೈ ಹಿಡಿಯುತ್ತಾರೆ. ಹುಡುಗಿ ಮುದುಡುತ್ತಾಳೆ.

"ಅಮ್ಮ ಸೋತ್ರೆ ಯಾರಿಗೂ ಹೊಡಿಯಲ್ಲ ಕಣೇ. ತಗೋ, ನಿಂದೇ ಅದು."

ಸೈರನ್ ಕೂಗುತ್ತದೆ. ತಡವಾದರೆ ಗೇಟು ಹಾಕುತ್ತಾರೆ. ಅಮ್ಮ ಅಲುಗುವುದಿಲ್ಲ. ಗುಬ್ಬಿಯ ಬೆರಳು ರಟ್ಟಿನ ಹತ್ತಿರ ಹೋಗುತ್ತದೆ, ಹಿಂದೆ ಬರುತ್ತದೆ, ಮತ್ತೆ ಹೋಗುತ್ತದೆ. ಕೊನೆಗೆ ಏಳು ಮೂರರ ಪಕ್ಕ ಕೂರುತ್ತದೆ.

"ಹತ್ತು," ಎನ್ನುತ್ತಾಳೆ, ತನಗೊಬ್ಬಳಿಗೇ ಕೇಳುವಂತೆ.

ಅಮ್ಮ ಮುಖ ಒರೆಸಿಕೊಂಡು ಏಳುತ್ತಾರೆ. "ಎಲೆ ಮನೇಗೆ ಬರ್ಬಾರ್ದು. ಇಲ್ಲಿ ಬೇಕಾದ್ರೆ ಆಡ್ಲಿ," ಎಂದು ಗೇಟಿನತ್ತ ಓಡುತ್ತಾರೆ.

ಆಂಟಿ ಎಲೆಗಳನ್ನು ಬಳಿದು ಮತ್ತೆ ಕಲಸುತ್ತಾರೆ. ಈಗ ಒಂದೂ ಬೀಳುವುದಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದರೆ ನಗುತ್ತಾರೆ.

"ಹೊಸ ಕಟ್ಟು ಬೇಕು ಅಂತೀನಿ ಅಂದ್ಕೊಂಡ್ರಾ? ಗುಬ್ಬಿ ಒಂದಿನ ನನ್ನ ಸೋಲಿಸ್ಬೇಕು. ನಾನಾಗಿ ಬಿಟ್ಕೊಟ್ಟು ಅಲ್ಲ. ಸೋಲಿಸಿ, ಕೋಪ ಬಂತಾ ಅಂತ ನನ್ ಮುಖ ನೋಡದೇನೇ ನಗ್ಬೇಕು. ಅಷ್ಟೇ."