ಪೂಕ್ಕಡೆಯಲ್ಲಿ ಸಿಗದ ಹೂವು

ನಮ್ಮ ಅಡುಗೆಮನೆಯೊಳಗೆ ಅಣಬೆ ತಂದವಳು ನನ್ನ ಸೊಸೆಯಲ್ಲ, ನಾನು. ಡಬ್ಬಗಟ್ಟಲೆ ತಂದಿದ್ದೇನೆ, ದೇವರ ಎಡೆಗಿಟ್ಟ ಬಿಸಿಬೇಳೆಬಾತಿಗೂ ಹಾಕಿದ್ದೇನೆ. ಅದೇ ಅಣಬೆ ಬೇಯಿಸುತ್ತಾಳೆಂದು ಸೊಸೆಯನ್ನು ಮಾತ್ರ ಬಾಲ್ಕನಿಗೆ ಕಳಿಸಿದ್ದೆ. ನಡೆದದ್ದು ಇಷ್ಟೇ. ಉಳಿದದ್ದು ಕೇಳಲು ಪುರುಸೊತ್ತಿದ್ದರೆ ಕೂತುಕೊಳ್ಳಿ.

ಮೊನ್ನೆ ಬಿಸಿಬೇಳೆಬಾತಿನ ಪುಡಿ ಮಾಡೋಣವೆಂದು ಕಲ್ಲುಹೂವಿನ ಡಬ್ಬ ತೆಗೆದೆ. ನೀವೂ ನೋಡಿರುತ್ತೀರಿ, ಒಂದು ಮೈ ಬೂದಿ ಬಣ್ಣ, ಇನ್ನೊಂದು ಮೈ ಕಪ್ಪು, ಸುಟ್ಟ ಕಾಗದದ ಚೂರಿನ ಹಾಗೆ ಮುದುಡಿಕೊಂಡಿರುತ್ತದೆ. ತೂಕವೇ ಇಲ್ಲ, ಫ್ಯಾನ್ ಹಾಕಿದರೆ ಮನೆಯೆಲ್ಲ ಹಾರುತ್ತದೆ. ಸುಮ್ಮನೆ ಮೂಸಿದರೆ ಹಳೇ ಮರದ ಪೆಟ್ಟಿಗೆಯ ವಾಸನೆ. ಬಾಣಲೆಯಲ್ಲಿ ಒಂದು ತೊಟ್ಟು ಎಣ್ಣೆ ಸೋಕಿಸಿ ನೋಡಿ, ಕೆಳಗಿನ ಮನೆಯವರು ತಲೆಯೆತ್ತಿ ಇವತ್ತೇನು ಅಡುಗೆ ಎಂದು ಕೇಳುತ್ತಾರೆ. ಡಬ್ಬದ ತಳ ಕಾಣುತ್ತಿತ್ತು. ಅದನ್ನು ತುಂಬಿಸುತ್ತಿದ್ದವಳು ನನ್ನ ಬೀಗಿತ್ತಿ, ಸೊಸೆ ಸೆಲ್ವಿಯ ತಾಯಿ ವಳ್ಳಿಯಮ್ಮ. ಅವಳು ಮಂಡಿ ಆಪರೇಷನ್ ಆಗಿ ತಿರುವೊಟ್ಟಿಯೂರಿನ ಮಹಡಿ ಮನೆಯಲ್ಲಿ ಮಲಗಿದ್ದಳು. ಮಂಡಿ ಅವಳದು, ಪುಡಿ ನಿಂತದ್ದು ನನ್ನದು.

ಕಲ್ಲುಹೂವು ಅವಳ ಕೆಲಸವಾದದ್ದು ಹೇಗೆಂದು ಹೇಳಬೇಕು. ನನ್ನ ಮಗ ಈ ತಮಿಳು ಸೀಮೆಗೆ ಬಂದು ಗಿಂಡಿಯ ಪಂಪು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಲೆಕ್ಕ ಬರೆಯುತ್ತಿದ್ದ ಸೆಲ್ವಿಯನ್ನು ಮದುವೆಯಾದ. ನಾನು ನಂಜನಗೂಡಿನಿಂದ ಅವರ ಜೊತೆಗಿರಲು ಬಂದೆ. ಬಂದ ಹೊಸತರಲ್ಲಿ ತಮಿಳೇನು ಮಹಾ ಎಂದುಕೊಂಡಿದ್ದೆ. ಹಾಲಿಗೆ ಪಾಲು, ಹತ್ತಕ್ಕೆ ಪತ್ತು, ಹೂವಿಗೆ ಪೂ. ಹಕಾರ ತೆಗೆದು ಪಕಾರ ಹಾಕಿದರೆ ಮುಗಿಯಿತಲ್ಲ! ಬೀಗಿತ್ತಿ ಒಂದು ದಿನ ಸಾಮಾನು ತರಲು ಪ್ಯಾರೀಸ್ ಕಾರ್ನರಿನ ಪೇಟೆಗೆ ಕರೆದುಕೊಂಡು ಹೋದಳು. ಅವಳು ಬೇಳೆ ಅಂಗಡಿಯಲ್ಲಿ ಚೌಕಾಸಿಗೆ ಕೂತಾಗ ನಾನೊಬ್ಬಳೇ ಪಕ್ಕದ ಮಸಾಲೆ ಅಂಗಡಿಗೆ ಹೋಗಿ ಜಂಬದಿಂದ "ಕಲ್ಲು ಪೂ ಕೊಡಿ" ಎಂದೆ. ಆ ಮನುಷ್ಯ ನನ್ನ ಮುಖ ನೋಡಿ, ಹೂವು ಬೇಕಾದರೆ ಆ ಕಡೆ ಪೂಕ್ಕಡೆಗೆ ಹೋಗಿ ಎಂದು ಕೈ ತೋರಿಸಿದ.

ಹೋದೆ. ಬೀದಿ ತುಂಬ ಹೂವಿನ ಅಂಗಡಿಗಳು. ಸೇವಂತಿಗೆ, ಮಲ್ಲಿಗೆ, ಸುಗಂಧರಾಜ, ಕಾಲಡಿಯೆಲ್ಲ ಒದ್ದೆ ಬಾಳೆನಾರು. ಪ್ರತಿ ಬುಟ್ಟಿಯ ಮುಂದೂ ನಿಂತು ಕಲ್ಲು ಪೂ, ಕಲ್ಲು ಪೂ ಎಂದೆ. ಹೂ ಕಟ್ಟುತ್ತಿದ್ದ ಒಬ್ಬಳು "ಕಲ್ಲುಲ ಪೂವಾ? ಕೋಯಿಲ್ಲ ಪೋಯ್ ಪಾರು" ಎಂದಳು. ಕಲ್ಲಿನ ಹೂವು ಬೇಕಾದರೆ ದೇವಸ್ಥಾನದ ಕಂಬದಲ್ಲಿ ಹೋಗಿ ನೋಡು ಎಂದು. ಸುತ್ತ ಇದ್ದವರೆಲ್ಲ ನಕ್ಕರು. ಅಷ್ಟರಲ್ಲಿ ಬೀಗಿತ್ತಿ ಹುಡುಕಿಕೊಂಡು ಬಂದು, ಮಣಿಕಟ್ಟು ಹಿಡಿದು, ನಾನು ಮೊದಲು ಹೋಗಿದ್ದ ಮಸಾಲೆ ಅಂಗಡಿಗೇ ವಾಪಸು ಎಳೆದುಕೊಂಡು ಹೋಗಿ, ಏನು ಬೇಕು, ಬೆರಳಿಟ್ಟು ತೋರಿಸಿ ಎಂದಳು. ಮೂಟೆಯೊಂದಕ್ಕೆ ಬೆರಳಿಟ್ಟೆ.

"ಅಯ್ಯಯ್ಯೋ ಸಂಬಂದಿ, ಇದು ಕಲ್ಪಾಸಿ!" ಎಂದು ಆ ಮೂಟೆಯ ಪಕ್ಕದಲ್ಲೇ ಕುಕ್ಕರಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಂಬಂದಿ ಎಂದರೆ ಬೀಗಿತ್ತಿ, ಕಲ್ಪಾಸಿ ಎಂದರೆ ಕಲ್ಲಿನ ಪಾಚಿ. ನಾವು ಹೂವು ಎನ್ನುತ್ತೇವೆ, ಅವರು ಪಾಚಿ ಎನ್ನುತ್ತಾರೆ. ಅವತ್ತಿನಿಂದ ನಮ್ಮ ಮನೆಗೆ ಬಂದಾಗಲೆಲ್ಲ ಕಾಗದದ ಪೊಟ್ಟಣ ಕೈಗಿಟ್ಟು, "ಇಂದಾಂಗ ಸಂಬಂದಿ, ಉಂಗ ಪೂ" ಎನ್ನುವಳು. ತಗೊಳ್ಳಿ, ನಿಮ್ಮ ಹೂವು. ಅವಳು ತಮಿಳು, ನಾನು ಕನ್ನಡ. ಮಾತಿಗೆ ತೊಂದರೆಯಾಗಿಲ್ಲ, ಜಗಳಕ್ಕಂತೂ ಆಗೇ ಇಲ್ಲ.

ಜಗಳ ಅಣಬೆಯದು. ನಮ್ಮಮ್ಮ ಅದನ್ನು ನಾಯಿಕೊಡೆ ಎನ್ನುತ್ತಿದ್ದಳು. ಬಿತ್ತಿದವರಿಲ್ಲ, ಎಲೆಯಿಲ್ಲ, ರಾತ್ರಿ ಇರಲಿಲ್ಲ, ಬೆಳಗ್ಗೆ ತಿಪ್ಪೆಯಲ್ಲಿ ಕೊಡೆ ಬಿಚ್ಚಿಕೊಂಡು ನಿಂತಿದೆ. ಅಂಥದ್ದನ್ನು ಒಳಗೆ ಬಿಡುವುದು ಹೇಗೆ? ಸೆಲ್ವಿಗೆ ಅದೆಂದರೆ ಪ್ರಾಣ. ತಿನ್ನಬೇಡ ಎನ್ನಲಿಲ್ಲ ನಾನು, ಒಳಗೆ ಬೇಡ ಎಂದೆ. ಅವಳು ಎದುರಾಡದೆ ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ ಕರೆಂಟು ಒಲೆ, ಒಂದು ಬಾಣಲೆ ಇಟ್ಟುಕೊಂಡಳು. ವಾಷಿಂಗ್ ಮೆಷಿನ್ನಿಗೂ ಗೋಡೆಗೂ ಮಧ್ಯೆ ನಿಂತು, ಮೇ ತಿಂಗಳ ಬಿಸಿಲಿನಲ್ಲೂ ಅಲ್ಲೇ ಬೇಯಿಸುತ್ತಿದ್ದಳು. ಮಗಳು ಹಾಗೆ ನಿಂತದ್ದನ್ನು ಬೀಗಿತ್ತಿ ಒಮ್ಮೆ ನೋಡಿದಳು.

"ನಾಂಗಳುಂ ಸೈವಂದಾನ್ ಸಂಬಂದಿ" ಎಂದಳು. ತಮಿಳಿನವರಿಗೆ ಸೈವ ಎಂದರೆ ಮಾಂಸ ತಿನ್ನದವರು. ನಾವೇನು ಕೋಳಿ ಕುಯ್ದೆವಾ ಎಂದು ಅದರ ತಾತ್ಪರ್ಯ.

"ನಾನೇನ್ ನಿಮ್ಮನ್ನ ಅಂದ್ನಾ? ಅಣಬೇನ ಅಂದೆ" ಎಂದೆ.

ಆಮೇಲೆ ಅವಳು ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೇ ಇಲ್ಲ. ಬರುವಳು, ಹೂವು ಕೊಡುವಳು, ಕಾಫಿ ಕುಡಿದು ಹೊರಡುವಳು. ಈಗ ಮಂಡಿ ಸರಿಹೋಗುವ ತನಕ ಲಿಫ್ಟಿರುವ ನಮ್ಮ ಮನೆಯಲ್ಲಿರು ಎಂದು ಮಗಳು ಫೋನಿನಲ್ಲಿ ಅಂಗಲಾಚಿದರೆ, "ಬಾಲ್ಕನಿ ಸಾಪ್ಪಾಡು ಎನಕ್ಕು ವೇಂಡಾಂ" ಎಂದಳಂತೆ. ಬಾಲ್ಕನಿ ಊಟ ನನಗೆ ಬೇಡ. ಸೆಲ್ವಿ ಫೋನಿಟ್ಟು, ಮಡಚಿದ್ದ ಬಟ್ಟೆಗಳನ್ನೇ ಬಿಡಿಸಿ ಮತ್ತೆ ಮಡಚುತ್ತ ಕೂತಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನಾಲ್ಕು ಮಾತು ಅಂದು ಹಗುರಾಗುತ್ತಿದ್ದೆ. ಬಿಸಿಬೇಳೆಬಾತಿನ ಪುಡಿಯಾದರೂ ಕಳಿಸೋಣ ಎಂದು ಡಬ್ಬ ತೆಗೆದದ್ದು ಅದಕ್ಕೇ.

ಊಟದ ಮೇಜಿನಲ್ಲಿ ಕಸ ಆರಿಸುತ್ತಿದ್ದೆ. ಎದುರಿಗೆ ಮೊಮ್ಮಗಳು ನಿಲಾ ಪರೀಕ್ಷೆಗೆ ಓದುತ್ತಿದ್ದಳು. ಕಾಲೇಜಿನಲ್ಲಿ ಗಿಡಮರದ ಪಾಠ ಅವಳದು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳು, ಇಂಗ್ಲಿಷು ಕಲಸಿ ಹೇಳುತ್ತಾಳೆ. ನಾನು ನಾಲ್ಕನೇ ಕ್ಲಾಸಿನವಳು, ತಲೆಗೆ ಹೋದಷ್ಟು ಹೇಳುತ್ತೇನೆ.

ಅಣಬೆ ಗಿಡವೇ ಅಲ್ಲವಂತೆ. ಎಲೆಗೆ ಹಸಿರು ಇದ್ದರೆ ಬಿಸಿಲಿನಲ್ಲಿ ತನ್ನ ಅನ್ನ ತಾನೇ ಮಾಡಿಕೊಳ್ಳುತ್ತದೆ, ಅಣಬೆಗೆ ಆ ಹಸಿರಿಲ್ಲ. ಸತ್ತ ಎಲೆ, ಸತ್ತ ಮರ ಕರಗಿಸಿ ತಿನ್ನುತ್ತದೆ. ಅದು ತಿನ್ನದಿದ್ದರೆ ಕಾಡಿನಲ್ಲಿ ಬಿದ್ದದ್ದೆಲ್ಲ ರಾಶಿ ಬಿದ್ದಿರುತ್ತಿತ್ತಂತೆ. ನಾವು ನೋಡುವ ಕೊಡೆ ಬರೀ ಹಣ್ಣಿದ್ದ ಹಾಗೆ. ನಿಜವಾದ ಮೈ ಮಣ್ಣೊಳಗೆ ನೂಲಿನ ಹಾಗೆ ಹರಡಿರುತ್ತದೆ. ಕೊಡೆಯ ಅಡಿಯಿಂದ ಉದುರುವ ಧೂಳೇ ಅದಕ್ಕೆ ಬೀಜ. ಹಾಗಾದರೆ ಬಿತ್ತುವವರು ಇಲ್ಲ ಎಂದದ್ದು ತಪ್ಪು, ಗಾಳಿ ಬಿತ್ತುತ್ತದೆ. ಅದರ ಮೈಗೋಡೆಯಲ್ಲಿ ಸಿಗಡಿಯ ಚಿಪ್ಪಿನಲ್ಲಿರುವ ಪದಾರ್ಥವೇ ಇದೆಯಂತೆ. ಗಿಡಕ್ಕಿಂತ ಪ್ರಾಣಿಗೇ ಹತ್ತಿರದ ನೆಂಟಸ್ತಿಕೆಯಂತೆ.

"ಕೇಳಿಸ್ತೇನೇ ಸೆಲ್ವೀ?" ಎಂದು ಬಾಲ್ಕನಿಗೆ ಕೂಗಿದೆ. "ತರಕಾರಿ ಅಲ್ಲ ಅದು ಅಂತ ನಾನ್ ಅವತ್ತೇ ಹೇಳ್ಲಿಲ್ವಾ? ಕಾಲೇಜ್ನವ್ರೂ ಹೇಳ್ತಿದಾರೆ!"

ನಿಲಾ ತಟ್ಟೆಯಿಂದ ಕಲ್ಲುಹೂವಿನ ಒಂದು ಚೂರು ಎತ್ತಿ ದೀಪಕ್ಕೆ ಹಿಡಿದಳು.

"ಅಜ್ಜಿ, ಇದು ಏನು ತೆರಿಯುಮಾ? ಲೈಕನ್. ಹಾಫ್ ಆಲ್ಗೆ, ಹಾಫ್ ಫಂಗಸ್."

"ಕನ್ನಡದಲ್ಲಿ ಹೇಳು."

"ಕನ್ನಡದಲ್ಲಿ ಬರಲ್ಲ. ತಮಿಳ್ಲ ಪೂಂಜೈ."

"ನೋಡು, ಪೂ ಅಂತ ನೀನೇ ಅಂದೆ."

"ಪೂ ಇಲ್ಲ ಅಜ್ಜೀ! ಪೂಂಜೈ. ಬ್ರೆಡ್ ಮೇಲೆ ಬರತ್ತಲ್ಲ, ಅದು."

"ಬೂಷ್ಟಾ?"

"ಬೂಷ್ಟು, ಯೀಸ್ಟ್, ಮಶ್ರೂಮ್, ಎಲ್ಲಾ ಒಂದೇ ಗುಂಪು. ನಿನ್ನ ಕಲ್ಲುಹೂವಲ್ಲಿ ಜಾಸ್ತಿ ಅದುದಾನ್."

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಅವಳು ಬಿಡಲಿಲ್ಲ. ಕಲ್ಲುಹೂವಿನಲ್ಲಿ ಗೋಡೆ, ಮಾಡು ಕಟ್ಟಿ, ಕಲ್ಲನ್ನೋ ಮರವನ್ನೋ ಹಿಡಿದು, ನೀರು ಕೂಡಿಡುವುದು ಅಣಬೆಯ ಜಾತಿಯವನ ಕೆಲಸವಂತೆ. ಒಳಗೆ ಕೂತು ಬಿಸಿಲಿನಲ್ಲಿ ಅಡುಗೆ ಮಾಡಿ ಬಡಿಸುವುದು ಹಸಿರು ಪಾಚಿಯ ಕೆಲಸವಂತೆ. ಇಬ್ಬರೂ ಸೇರಿ ಬೋಳು ಬಂಡೆಯ ಮೇಲೂ ಸಂಸಾರ ಮಾಡುತ್ತಾರೆ, ಊರ ಹೊಗೆಯೊಂದನ್ನು ಮಾತ್ರ ತಡೆಯುವುದಿಲ್ಲ. ಬೆಟ್ಟದಿಂದ ಪ್ಯಾರೀಸ್ ಕಾರ್ನರಿಗೆ ಮೂಟೆಯಲ್ಲಿ ಬರುವುದು ಅದಕ್ಕೇ. ನಮ್ಮವರು ಹೂವು ಎಂದರು, ಇವರು ಪಾಚಿ ಎಂದರು. ಮನೆ ಕಟ್ಟಿದವನ ಹೆಸರನ್ನು ಯಾರೂ ಎತ್ತಲಿಲ್ಲ. ನಿಲಾ ಇನ್ನೊಂದು ಹೇಳಿದಳು. ಮೈಮೇಲೆ ಉಂಗುರದ ಹಾಗೆ ಏಳುವ ಹುಳುಕಡ್ಡಿಯೂ ಇದೇ ಗುಂಪಂತೆ. ನಾವು ಅದನ್ನು ಹುಳ ಎಂದೆವು. ತಮಿಳಿನವರು ಪಡರ್‌ತಾಮರೈ ಎಂದು ತಾವರೆಯನ್ನೇ ಮಾಡಿಟ್ಟರು. ಹೆಸರಿಡುವಾಗ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರೋ ಏನೋ.

ಸೆಲ್ವಿ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು, ಮುಖವೆಲ್ಲ ಬೆವರು. "ಅತ್ತೆ, ಆ ಡಬ್ಬಾನೂ ಬಾಲ್ಕನಿಗೆ ಎತ್ತಿಡ್ಲಾ?" ಎಂದಳು.

ಬಾಯಿಲ್ಲದವಳು ಎಂದುಕೊಂಡಿದ್ದೆ. ತಾಯಿಯ ಮಗಳೇ.

"ನಿನ್ನ ಬಾಣಲೆ ಸೀಯ್ತಿದೆ, ಹೋಗ್ ನೋಡು" ಎಂದೆ. ನಿಲಾ ಮೇಜಿಗೆ ತಲೆಯಿಟ್ಟು ನಗುತ್ತಿದ್ದಳು.

ನ್ಯಾಯವಾಗಿ ನೋಡಿದರೆ ಡಬ್ಬ ಹೊರಗೆ ಹೋಗಬೇಕಿತ್ತು. ಡಬ್ಬ ಹೋದರೆ ಇಡ್ಲಿ ಹಿಟ್ಟೂ ಹೋಗಬೇಕು, ಅದರ ಹುಳಿಯಲ್ಲೂ ಯೀಸ್ಟು ಇರುತ್ತದಂತೆ. ಆಮೇಲೆ ಬ್ರೆಡ್ಡು. ಕೊನೆಗೆ ಒಳಗೆ ಉಳಿಯುವವಳು ನಾನೊಬ್ಬಳು. ಕಲ್ಲುಹೂವಿಲ್ಲದ ಬಿಸಿಬೇಳೆಬಾತನ್ನು ನಾನು ಮಾಡುವುದಿಲ್ಲ, ಅದು ಬರೀ ಬೇಳೆ ಅನ್ನ. ಆ ಪೊಟ್ಟಣ ಹಿಡಿದು ತಿರುವೊಟ್ಟಿಯೂರಿನಿಂದ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದವಳು, ನನ್ನ ಒಲೆಯ ಮೇಲಿನ ಸಿಟ್ಟಿಗೆ ಹಠ ಹಿಡಿದು ಕುಂಟುತ್ತ ಮೆಟ್ಟಿಲು ಹತ್ತಿಳಿಯಬೇಕೇ?

ಮರುದಿನ ಬೆಳಗ್ಗೆ ಸೆಲ್ವಿ ಸ್ನಾನಕ್ಕೆ ಹೋದಾಗ ಬಾಲ್ಕನಿಯ ಬಾಣಲೆ ತಂದು ಗ್ಯಾಸಿನ ಮೇಲಿಟ್ಟೆ. ಕೆಳಗಿನ ಅಂಗಡಿಯಿಂದ ಅಣಬೆ ತರಿಸಿದೆ. ಮುಟ್ಟಿದರೆ ಮಗುವಿನ ಕಿವಿಯ ಹಾಗಿತ್ತು. ನಾನು ತಿನ್ನುವುದಿಲ್ಲ, ಅದು ಬೇರೆ ಮಾತು. ಎಣ್ಣೆಗೆ ಡಬ್ಬದ ತಳದ ಕಲ್ಲುಹೂವು ಹಾಕಿ, ಈರುಳ್ಳಿ ಹಾಕಿ, ಅಣಬೆ ಹೆಚ್ಚಿ ಹಾಕಿ, ಬೀಗಿತ್ತಿಗೆ ಫೋನು ಮಾಡಿದೆ.

"ಅಣಬೆ ಒಳಗಡೆ ಒಲೆ ಮೇಲಿದೆ. ಮಗ ಕಾರ್ ತರ್ತಾನೆ. ಬರ್ತೀರೋ ಇಲ್ವೋ?"

ಇತ್ತ ಬಾಣಲೆ ಕೊತಕೊತ ಎನ್ನುತ್ತಿತ್ತು, ಅವಳಿಗೂ ಕೇಳಿಸಿರಬೇಕು.

"ಯಾರು ಸಮೈಕ್ಕಿರಾಂಗ?" ಎಂದಳು. ಯಾರು ಬೇಯಿಸುತ್ತಿರುವುದು?

"ಇನ್ಯಾರು? ನಾನೇ."

ಆ ಕಡೆ ಮೂಗೆಳೆದ ಸದ್ದು. "ತಣ್ಣಿ ಊತ್ತಾದೀಂಗ ಸಂಬಂದಿ" ಎಂದಳು. "ಅದುವೇ ವಿಡುಂ." ನೀರು ಹಾಕಬೇಡಿ, ಅದೇ ಬಿಟ್ಟುಕೊಳ್ಳುತ್ತದೆ.

ನಾನು ಆಗಲೇ ಒಂದು ಲೋಟ ಸುರಿದಾಗಿತ್ತು. ಹೇಳಲಿಲ್ಲ. ಉರಿ ಜೋರು ಮಾಡಿ, ಅವಳು ಬರುವುದರೊಳಗೆ ಇಂಗಲಿ ಎಂದು ಕೆದಕುತ್ತ ನಿಂತೆ.