ಮಿಡತೆಯ ಮೇಲೆ ಸುರಿದ ಸಕ್ಕರೆ

ಇರುವೆ ಮತ್ತು ಮಿಡತೆಯ ಕಥೆಯನ್ನು ನಾನು ಪರದೆಯ ಮೇಲೆ ನಾಲ್ಕೈದು ಬಗೆಯಲ್ಲಿ ನೋಡಿದ್ದೇನೆ. ಮೊಮ್ಮಕ್ಕಳ ಟೀವಿಯಲ್ಲಿ ಬಂದದ್ದರಲ್ಲಿ ಇರುವೆಗೆ ಕನ್ನಡಕವೂ ಇತ್ತು, ಟೋಪಿಯೂ ಇತ್ತು. ಏನಿದ್ದರೇನು, ಮೊದಲ ಸಲ ಮಂಡ್ಯದ ಟೆಂಟಿನಲ್ಲಿ ನೋಡಿದಾಗ ಎದೆ ಹೊಡೆದುಕೊಂಡ ಹಾಗೆ ಮತ್ತೆಂದೂ ಹೊಡೆದುಕೊಳ್ಳಲಿಲ್ಲ. ಅವತ್ತು ಪಣಕ್ಕೆ ಬಿದ್ದಿದ್ದು ನನ್ನ ಓದು.

ಯುದ್ಧದ ಕಾಲ. ನಾನು ಕೊತ್ತತ್ತಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸುವುದರಲ್ಲಿದ್ದೆ. ಮುಂದೆ ಓದಬೇಕೆಂದರೆ ಮಂಡ್ಯಕ್ಕೆ ಹೋಗಬೇಕು. ಹೆಣ್ಣುಹುಡುಗಿಗೆ ನಾಲ್ಕು ಸಾಕು ಎಂದು ಅಪ್ಪ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದ. ನಾನು ಮೂರು ದಿನ ಊಟ ಬಿಟ್ಟೆ. ಬಿಟ್ಟೆ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು, ಅಜ್ಜಿ ಹಿತ್ತಲಿಗೆ ಕರೆದು ಮುದ್ದೆ ತಿನ್ನಿಸುತ್ತಿದ್ದಳು.

ಅಷ್ಟರಲ್ಲಿ ಟೆಂಟಿನವರು ಗಾಡಿಗೆ ಬೋರ್ಡು ಕಟ್ಟಿಕೊಂಡು ತಮಟೆ ಬಡಿಯುತ್ತ ಊರಿಗೆ ಬಂದರು. ಪುರಾಣದ ಸಿನಿಮಾವಂತೆ. ಅದಕ್ಕೂ ಮೊದಲು ಇರುವೆ ಮಿಡತೆಯ ಬೊಂಬೆ ಚಿತ್ರವಂತೆ, ಇಂಗ್ಲಿಷಿನದು. ಆ ಕಥೆ ನಮ್ಮ ಪಾಠದ ಪುಸ್ತಕದಲ್ಲೇ ಇತ್ತು! ನಾನು ಅಂಗಳದ ತುಂಬ ಕುಣಿದಾಡಿಬಿಟ್ಟೆ. ಅಜ್ಜಿಗೆ ಅಷ್ಟೇ ಸಾಕಾಯಿತು.

“ಲೇ ಮಗ, ಎಲ್ರೂ ಓಗವ. ಇಂಗ್ಲೀಸು ನಿಂಗೂ ಬರಕಿಲ್ಲ, ನಂಗೂ ಬರಕಿಲ್ಲ. ಇವ್ಳು ಬುಡ್ಸಿ ಯೋಳ್ಲಿ. ಸರ್ಯಾಗಿ ಯೋಳುದ್ರೆ ಮುಂದ್ಕೆ ಓದುಸ್ಬೇಕು ಕಣ್ಲಾ,” ಎಂದಳು ಅಪ್ಪನಿಗೆ.

“ನೋಡವ ಬುಡವ್ವ,” ಎಂದ ಅಪ್ಪ.

ಗಾಡಿ ಕಟ್ಟಿಕೊಂಡು ಹೊತ್ತು ಮುಳುಗುವಷ್ಟರಲ್ಲಿ ಮಂಡ್ಯ ಸೇರಿದೆವು. ಟೆಂಟಿನಲ್ಲಿ ಹೆಂಗಸರಿಗೂ ಗಂಡಸರಿಗೂ ನಡುವೆ ಎದೆಮಟ್ಟದ ತಡಿಕೆ. ಮರಳಿನ ಮೇಲೆ ಅಜ್ಜಿಯ ಪಕ್ಕ ಕೂತೆ. ದೀಪ ಆರಿತು. ಪರದೆಯ ಮೇಲೆ ಆಳೆತ್ತರದ ಇರುವೆ! ಒಂದರ ಹಿಂದೆ ಒಂದು ಕಾಳು ಹೊತ್ತು ಓಡುತ್ತಿವೆ, ಮಿಡತೆ ಎಲೆಯ ಮೇಲೆ ಮಲಗಿ ಕಾಲು ಕುಣಿಸುತ್ತಿದೆ. ಅಯ್ಯೋ, ಆ ಸಡಗರವನ್ನು ಹೇಗೆ ಹೇಳಲಿ! ಪುಸ್ತಕದಲ್ಲಿ ಹೆಬ್ಬೆರಳಿನಷ್ಟಿದ್ದ ಚಿತ್ರ ಎದ್ದು ಓಡಾಡುತ್ತಿತ್ತು. ನಾನೂ ಎದ್ದು ನಿಂತು ಗಂಟಲು ಹರಿಯುವ ಹಾಗೆ ಕಥೆ ಹೇಳತೊಡಗಿದೆ. ಸುತ್ತಲಿನ ಹೆಂಗಸರು ಮಾತು ನಿಲ್ಲಿಸಿದರು. ತಡಿಕೆಯಾಚೆ ಗಂಡಸರೂ ಕಿವಿಗೊಟ್ಟರು. ಅಪ್ಪ ಅಲ್ಲೇ ಎಲ್ಲೋ ಇದ್ದ.

ಆಮೇಲೆ ಆಕಾಶದಿಂದ ಬೆಳ್ಳಗೆ ಏನೋ ಸುರಿಯತೊಡಗಿತು. ಗಿಡ, ಕಲ್ಲು, ಇರುವೆಯ ಮನೆ, ಎಲ್ಲ ಬಿಳಿ. ಪಾಠದಲ್ಲಿ ಚಳಿಗಾಲ ಬಂತು ಎಂದಿತ್ತು, ಅಷ್ಟೇ. ನಮ್ಮ ಚಳಿಗಾಲದಲ್ಲಿ ಸುಗ್ಗಿ ಬರುತ್ತದೆ, ಕಣದಲ್ಲಿ ಭತ್ತದ ರಾಶಿ ಬೀಳುತ್ತದೆ. ಹೀಗೆ ಬೆಳ್ಳಗೆ ಬೀಳುವುದನ್ನು ಯಾರು ಕಂಡಿದ್ದರು?

“ಅದೇನವ್ವ ಸುರೀತಿರಾದು?” ಹಿಂದಿನಿಂದ ಒಬ್ಬಳು ಕೇಳಿದಳು.

ಸುಮ್ಮನಿದ್ದರೆ ಓದು ಹೋಯಿತು. ಕಬ್ಬು ಅರೆಯುವ ಕಾರ್ಖಾನೆಯ ಊರಿನಲ್ಲಿ ಅಷ್ಟು ಬೆಳ್ಳಗೆ ರಾಶಿ ಬೀಳುವುದು ಇನ್ನೇನಿದ್ದೀತು? “ಸಕ್ಕರೆ!” ಎಂದು ಕೂಗಿದೆ. ಇಡೀ ಟೆಂಟು ಓಹೋ ಎಂದಿತು.

“ಅಂಗಾರೆ ಆ ಮಿಡ್ತೆ ಯಾಕವ್ವ ಬಾಗ್ಲಲ್ಲಿ ನಿಂತು ತಿರ್ಪೆ ಎತ್ತಾದು? ಬಗ್ಗಿ ನೆಕ್ಕುದ್ರಾಯ್ತು!” ಗಂಡಸರ ಕಡೆಯಿಂದ ಒಂದು ದನಿ.

ನನಗೆ ರೋಷ ಬಂತು. “ರೇಸನ್ನು ಕಣಣ್ಣೋ! ಚೀಟಿ ಇಲ್ದೆ ಮುಟ್ಟಂಗಿಲ್ಲ!”

ಜನ ಒಪ್ಪಿಬಿಟ್ಟರು. ಚೀಟಿ ಹಿಡಿದು ಸಕ್ಕರೆಗೆ ಕಾದು ಸುಸ್ತಾದವರೇ ಎಲ್ಲ. ಹೆಂಗಸರು ಮಿಡತೆಗಾಗಿ ಲೊಚಗುಟ್ಟಿದರು, ಒಬ್ಬಳು ಸರ್ಕಾರಕ್ಕೆ ಹಿಡಿಶಾಪ ಹಾಕಿದಳು. ನಾನು ಗೆದ್ದೆನೆಂದು ಉಬ್ಬಿಹೋದೆ.

ಬೊಂಬೆ ಚಿತ್ರ ಮುಗಿದು, ರೀಲು ಬದಲಿಸಲು ದೀಪ ಹತ್ತಿತು. ಬೆಂಚಿನ ಮೇಲಿದ್ದ ನಮ್ಮ ಶಾಲೆಯ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಅದು ಸಕ್ಕರೆಯಲ್ಲಮ್ಮ, ಹಿಮ! ಚಳಿ ದೇಶಗಳಲ್ಲಿ ಮಳೆಯ ಬದಲು ಬೀಳುತ್ತೆ. ನಿನ್ನ ತಪ್ಪಲ್ಲ ಬಿಡು, ಅದೆಲ್ಲ ದೊಡ್ಡ ಕ್ಲಾಸಿನ ಪಾಠ.”

ಈಗ ಇಡೀ ಟೆಂಟು ನನ್ನನ್ನು ನೋಡಿ ನಕ್ಕಿತು. ಅಜ್ಜಿಯ ಸೆರಗಿನೊಳಗೆ ತಲೆ ತೂರಿಸಿದೆ. ಪುರಾಣದ ಸಿನಿಮಾದಲ್ಲಿ ಯಾವ ದೇವರು ಬಂದ, ಯಾವ ರಾಕ್ಷಸ ಸತ್ತ, ಒಂದೂ ಗೊತ್ತಿಲ್ಲ. ನಾಚಿಕೆ, ಅದಕ್ಕಿಂತ ಹೆಚ್ಚಾಗಿ ಭಯ. ದಾರಿಯುದ್ದಕ್ಕೂ ಅಪ್ಪ ಎತ್ತುಗಳ ಜೊತೆ ಬಿಟ್ಟು ಯಾರ ಜೊತೆಗೂ ಮಾತಾಡಲಿಲ್ಲ.

ಬೆಳಿಗ್ಗೆ ಅವನು ಜಗುಲಿಯ ಮೇಲೆ ಕೂತಿದ್ದಾಗ ಅಜ್ಜಿ ಹೋಗಿ ಎದುರಿಗೆ ನಿಂತಳು. ನಾನು ಬಾಗಿಲ ಮರೆಯಲ್ಲಿ ಕಿವಿಗೊಟ್ಟು ನಿಂತಿದ್ದೆ.

“ಏನ್ಲಾ ಮಾಡ್ತೀಯೆ ಇವ್ಳ?”

ಅಪ್ಪ ಎಲೆಯಡಿಕೆ ಉಗಿದು ಬಂದ. “ಇಮ ಅನ್ನಾದು ನಾಕ್ನೇ ಕ್ಲಾಸ್ಗೆ ಬರಾಕಿಲ್ವಂತೆ. ಮೇಷ್ಟ್ರೇ ಅಂದ್ರಲ್ಲ. ಅರ್ದ ಬೆಂದಿರೋ ಪಾಕ ಒಲೆಯಿಂದ ಇಳ್ಸುದ್ರೆ ಬೆಲ್ಲ ಆದದಾ? ಓಗ್ಲಿ ಬುಡವ್ವ, ಇನ್ನೂ ವಸಿ ಬೇಯ್ಲಿ.”

ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ಕೊಟ್ಟಿಗೆಯ ಎಮ್ಮೆ ಬೆದರಿ ಹಗ್ಗ ಕಿತ್ತುಕೊಂಡು ಓಡಿದ್ದು ನೆನಪಿದೆ, ಅಪ್ಪ ನನ್ನನ್ನು ಬೈಯುತ್ತ ಅದರ ಹಿಂದೆ ಓಡಿದ್ದು ನೆನಪಿದೆ, ಅವನ ಹಿಂದೆ ನಾನೂ ನಗುತ್ತ ನಾಲೆಯವರೆಗೆ ಓಡಿದೆ.