ಬಸಣ್ಣನ ಬಲಗಾಲು

ಕುರ್ಚಿಯಲ್ಲಿ ಕೂತಿದ್ದರೂ ಬಸಣ್ಣನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅಬ್ಬಿಗೆರೆಯ ಅವರ ಮನೆಯಲ್ಲಿ ಚಹಾ ಕುಡಿಯುವಾಗ ಹೊರಗೆ ಯಾವುದಾದರೂ ಗಾಡಿ ಜೋರಾಗಿ ಬಂದರೆ ಸಾಕು, ಪಾದ ಬಿಗಿದು ಮೊಣಕಾಲು ನಡುಗುತ್ತಿತ್ತು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಆ ಕಾಲು ಇನ್ಯಾರದೋ ಎಂಬಂತೆ ತಮ್ಮ ಗದಗಿನ ಕಡೆಯ ಸುದ್ದಿ ಹೇಳುತ್ತಲೇ ಇರುತ್ತಿದ್ದರು.

ಅದಕ್ಕೂ ಮೊದಲು ಅವರು ನಮ್ಮ ಕಾರ್ಖಾನೆಯ ಬಸ್ ಡ್ರೈವರ್ ಆಗಿದ್ದರು. ದಿನಾ ಅಬ್ಬಿಗೆರೆಯಿಂದ ಮಾಕಳಿಗೆ ನಮ್ಮನ್ನು ಕರೆದೊಯ್ಯುತ್ತಿದ್ದರು. ತಡವಾಗಿ ಓಡಿಬಂದವರನ್ನು ಎಂದೂ ಗದರಿದವರಲ್ಲ. "ಉಸರು ತಗೋರಿ ತಂಗಿ, ಬಸ್ ಎಲ್ಲೂ ಓಡಿಹೋಗಂಗಿಲ್ಲ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ತುಮಕೂರು ರಸ್ತೆಯ ಮೇಲ್ಸೇತುವೆ ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ. ನಾನು ಅವರ ಹಿಂದಿನ ಸೀಟಿನಲ್ಲೇ ಇದ್ದೆ. "ಬ್ರೇಕ್ ಇಲ್ರಿ. ಎಲ್ಲಾರೂ ಕಂಬಿ ಗಟ್ಟಿ ಹಿಡ್ಕೋರಿ" ಎಂದರು, ಮುಂದಿನ ಸ್ಟಾಪಿನ ಹೆಸರು ಹೇಳಿದಷ್ಟೇ ಮೆಲ್ಲಗೆ. ಗೇರ್ ಇಳಿಸಿ, ಬಸ್ಸಿನ ಬದಿಯನ್ನು ತಡೆಗೋಡೆಗೆ ಉಜ್ಜಿಸುತ್ತಾ ನಿಲ್ಲಿಸಿದರು. ನಮಗೆ ತರಚುಗಾಯಗಳಷ್ಟೇ. ಆದರೆ ಗೋಡೆಯ ಪಕ್ಕ ಹೋಗುತ್ತಿದ್ದ ಸ್ಕೂಟರಿನವರೊಬ್ಬರು ನಡುವೆ ಸಿಕ್ಕರು. ಅವರು ಉಳಿಯಲಿಲ್ಲ.

ಬಸಣ್ಣನ ಬೆರಳುಗಳು ಸ್ಟೇರಿಂಗ್ ಬಿಡಲಿಲ್ಲ.

"ಅಣ್ಣಾ, ಬಸ್ ನಿಂತಿದೆ, ಕೈ ಬಿಡಿ" ಎಂದೆ.

"ಬಿಟ್ಟೀನಲ್ರಿ" ಎಂದರು.

ಒಂದೊಂದೇ ಬೆರಳು ಬಿಡಿಸಿದೆ, ತಣ್ಣಗೆ ಕೊರೆಯುತ್ತಿದ್ದವು. ಅವರ ಹಣೆಯ ರಕ್ತ ಒರೆಸಿದಾಗ "ಯಾರದ್ರಿ ಇದು?" ಎಂದು ಕೇಳಿದರು. ಕೆಳಗಿಳಿದ ಮೇಲೆ ವಾಂತಿಯಾಯಿತು. ಆಮೇಲೆ ಬಿಸಿಲಿನಲ್ಲಿ ಕೂತು ಹಲ್ಲು ಕಟಕಟ ಎನ್ನುವಂತೆ ನಡುಗಿದರು.

ತಪ್ಪು ಅವರದಲ್ಲ ಎಂದು ಪೊಲೀಸರೂ ಹೇಳಿದರು. ಬಸಣ್ಣ ಮಾತ್ರ ಮತ್ತೆ ಬಸ್ ಹತ್ತಲಿಲ್ಲ. "ನಿದ್ದ್ಯಾಗೂ ಬ್ರೇಕ್ ಒತ್ತತಾರ್ರಿ. ಎಬ್ಬಿಸಿದ್ರ, ನಾ ಏನ್ ಮಾಡೇನಿ ಅಂತ ನನ್ನನ್ನ ಕೇಳತಾರ" ಎಂದು ಹೆಂಡತಿ ಗಿರಿಜಕ್ಕ ಕಣ್ಣೊರೆಸಿಕೊಂಡರು.

ಕೊನೆಗೆ ಊರಿಗೇ ಹೊರಟುಬಿಟ್ಟರು. ಬೀಳ್ಕೊಡಲು ನಾನು ಯಶವಂತಪುರ ಸ್ಟೇಷನ್ನಿಗೆ ಹೋಗಿದ್ದೆ. ಗಿರಿಜಕ್ಕ ನೀರು ತರಲು ಹೋದಾಗ ಬಸಣ್ಣ ನನ್ನತ್ತ ಬಾಗಿದರು.

"ತಂಗಿ, ಆ ಸ್ಕೂಟರ್‌ನ್ಯಾವರು ಕೂಗಿದ್ರೇನ್ರಿ?"

ಬಸ್ಸಿನಲ್ಲಿದ್ದ ನಮಗೆಲ್ಲ ಕೇಳಿಸಿತ್ತು. ಅವರೆದುರು ಯಾರೂ ಆ ಮಾತೆತ್ತಿರಲಿಲ್ಲ.

"ಕೂಗಿದ್ರು, ಅಣ್ಣಾ."

ಅವರು ತಲೆಯಾಡಿಸಿದರು. "ಆವತ್ತು ನನಗೇನೂ ಕೇಳಿದ್ದಿಲ್ರಿ. ಈಗ ಕೇಳಸಾಕತ್ತೈತಿ. ಖರೇನೋ, ನನ್ನ ಭ್ರಮೇನೋ ಅಂತ ಕೇಳಿದ್ನಿ."

ಗಿರಿಜಕ್ಕ ಬಂದರು, ಇಬ್ಬರೂ ಹತ್ತಿದರು. ರೈಲು ಹೊರಟಾಗ ನಾನು ಕೈ ಬೀಸಿದೆ. ಬಸಣ್ಣ ಕಿಟಕಿಯ ಪಕ್ಕ ಕೂತು, ಏನನ್ನೋ ಆಲಿಸುವವರ ಹಾಗೆ ತಲೆ ವಾಲಿಸಿಕೊಂಡಿದ್ದರು.